ವಾರ್ಡಿನ ಮಾತು ಹೊರಗೆ ಹೋಗದಂತೆ: ರೋಗಿಯ ಗೌಪ್ಯತೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯ ದವಾಖಾನೆಗಳಿಗೆ ಆಳಂದ, ಚಿಂಚೋಳಿ, ಸೇಡಂ, ಜೇವರ್ಗಿಗಳಿಂದಷ್ಟೇ ಅಲ್ಲದೆ ಯಾದಗಿರಿ ಕಡೆಯ ಶಹಾಪುರ, ಸುರಪುರಗಳಿಂದಲೂ, ಬೀದರ್ ಕಡೆಯ ಹುಮನಾಬಾದ್, ಬಸವಕಲ್ಯಾಣಗಳಿಂದಲೂ ರೋಗಿಗಳು ಬರುತ್ತಾರೆ. ರೋಗಿ ಒಬ್ಬರೇ ಬರುವುದು ಅಪರೂಪ. ಜೊತೆಗೆ ಮನೆಯವರು ಬರುತ್ತಾರೆ, ಮರುದಿನ ಬೀಗರು ಬರುತ್ತಾರೆ, ಮೂರನೆಯ ದಿನದ ಹೊತ್ತಿಗೆ ಊರಿನ ಅರ್ಧ ಓಣಿ ವಾರ್ಡಿನ ಬಾಗಿಲಲ್ಲಿ ನಿಂತಿರುತ್ತದೆ. ಇವರೆಲ್ಲರ ಬಾಯಲ್ಲಿ ಇರುವುದು ಒಂದೇ ಪ್ರಶ್ನೆ: ‘ಏನಾಗ್ಯಾದ್ರೀ ಅವರಿಗೆ?’ ಈ ಪ್ರಶ್ನೆಯ ಎದುರು ನಿಲ್ಲಬೇಕಾದ ನರ್ಸಿಂಗ್ ವಿದ್ಯಾರ್ಥಿಗಳು, ವಾರ್ಡಿನ ಸಿಬ್ಬಂದಿ, ಆಶಾ ಕಾರ್ಯಕರ್ತೆಯರು ಮತ್ತು ರೋಗಿಯ ಮನೆಯವರು ಮತ್ತೆ ಮತ್ತೆ ಕೇಳುವ ಸಂದೇಹಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಬಂದವರು ಕಾಳಜಿಯಿಂದಲೇ ಕೇಳುತ್ತಾರಲ್ಲ, ಹೇಳಿದರೆ ತಪ್ಪೇನು?

ಕಾಳಜಿಯಿಂದ ಕೇಳುತ್ತಾರೆ ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ನಮ್ಮ ಕಡೆ ದವಾಖಾನೆಯಲ್ಲಿ ಇದ್ದವರನ್ನು ಹೋಗಿ ಮಾತಾಡಿಸಿಕೊಂಡು ಬರುವುದು ಒಂದು ಕರ್ತವ್ಯ. ರೊಟ್ಟಿಯ ಬುತ್ತಿ ಕಟ್ಟಿಕೊಂಡು, ಬಸ್ಸಿನಲ್ಲಿ ನಿಂತುಕೊಂಡೇ ಬಂದವರು ‘ಏನು ಬ್ಯಾನಿ’ ಎಂದು ಕೇಳದೆ ಹಿಂತಿರುಗಿದರೆ ಊರಿನಲ್ಲಿ ಅದನ್ನೇ ಆಡಿಕೊಳ್ಳುತ್ತಾರೆ. ಆದ್ದರಿಂದ ಕೇಳುವವರನ್ನು ಚಾಡಿಕೋರರಂತೆ ಕಾಣುವುದು ಅನ್ಯಾಯವಾಗುತ್ತದೆ.

ಆದರೆ ಕೇಳುವವರ ಮನಸ್ಸು ಒಳ್ಳೆಯದಾಗಿದ್ದ ಮಾತ್ರಕ್ಕೆ ಆ ಮಾಹಿತಿ ಅವರದಾಗುವುದಿಲ್ಲ. ಕ್ಷಯಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿರುವ ಯುವತಿಯ ವಿಷಯ ದೊಡ್ಡಮ್ಮನ ಕಿವಿಗೆ ಬಿದ್ದರೆ, ದೊಡ್ಡಮ್ಮ ಅದನ್ನು ಮರುಕದಿಂದಲೇ ಇನ್ನೊಬ್ಬರಿಗೆ ಹೇಳುತ್ತಾರೆ, ಅವರು ಮತ್ತೊಬ್ಬರಿಗೆ ಹೇಳುತ್ತಾರೆ, ಕೊನೆಗೆ ಅದು ಗಂಡಿನ ಕಡೆಯವರನ್ನು ತಲುಪುವ ಹೊತ್ತಿಗೆ ಆರು ತಿಂಗಳಲ್ಲಿ ವಾಸಿಯಾಗುವ ಕಾಯಿಲೆ ಮುರಿದ ಸಂಬಂಧವಾಗಿ ಮಾರ್ಪಟ್ಟಿರುತ್ತದೆ. ಸರಪಳಿಯಲ್ಲಿ ಒಬ್ಬರಿಗೂ ಕೆಟ್ಟ ಉದ್ದೇಶ ಇರುವುದಿಲ್ಲ. ಗುಟ್ಟು ಹಗೆತನದಿಂದ ಹೊರಬೀಳುವುದಕ್ಕಿಂತ ಹೀಗೆ ಪ್ರೀತಿಯ ದಾರಿಯಲ್ಲಿ ಹೊರಬೀಳುವುದೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ.

ಇದು ಹೊರಗಿನಿಂದ ಬಂದ ಹೊಸ ನಿಯಮ ಎಂದು ಕೆಲವರು ಹೇಳುವುದುಂಟು. ಚರಕ ಸಂಹಿತೆಯ ವಿಮಾನಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಗುರುವು ವೈದ್ಯ ವಿದ್ಯಾರ್ಥಿಗೆ ಕೊಡುವ ಉಪದೇಶದಲ್ಲೇ, ರೋಗಿಯ ಮನೆಯ ಸಂಗತಿಗಳನ್ನು ಹೊರಗೆ ಆಡಬಾರದೆಂಬ ಮಾತಿದೆ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡತೆಯ ನಿಯಮಗಳೂ ರೋಗಿಯ ಖಾಸಗಿ ಮತ್ತು ಕೌಟುಂಬಿಕ ಬದುಕಿನ ಬಗ್ಗೆ ವೈದ್ಯರಿಗೆ ತಿಳಿದುದನ್ನು, ಕಾನೂನು ಕೇಳಿದ ಹೊರತು, ಬಹಿರಂಗಪಡಿಸಬಾರದೆನ್ನುತ್ತವೆ.

ಪ್ರಶ್ನೆ: ಕಾಯಿಲೆಯ ಹೆಸರು ಹೇಳದಿದ್ದರೆ ಸಾಕಲ್ಲವೇ?

ಸಾಲದು. ಯಾವ ವೈದ್ಯರು ನೋಡುತ್ತಿದ್ದಾರೆ, ಯಾವ ಕೋಣೆಯ ಮುಂದೆ ಚೀಟಿ ಹಿಡಿದು ಕುಳಿತಿದ್ದರು, ಎಷ್ಟನೆಯ ಸಲ ಬಂದಿದ್ದಾರೆ, ರಕ್ತವನ್ನು ಯಾವ ಪರೀಕ್ಷೆಗೆ ಕಳಿಸಲಾಗಿದೆ ಎಂಬ ಪ್ರತಿಯೊಂದೂ ಕಾಯಿಲೆಯ ಹೆಸರಿಗೆ ಬೆರಳು ತೋರಿಸುತ್ತದೆ. ಮಾನಸಿಕ ಆರೋಗ್ಯ ವಿಭಾಗದಲ್ಲೋ ಎಚ್‌ಐವಿಗೆ ಚಿಕಿತ್ಸೆ ಕೊಡುವ ಎಆರ್‌ಟಿ ಕೇಂದ್ರದಲ್ಲೋ ಕೆಲಸ ಮಾಡುವವರು ‘ನಿಮ್ಮೂರಿನವರು ನಿನ್ನೆ ಬಂದಿದ್ದರು’ ಎಂದಷ್ಟೇ ಹೇಳಿದರೂ ಎಲ್ಲವನ್ನೂ ಹೇಳಿದಂತೆಯೇ. ಹೆಸರು ಬಿಟ್ಟು ‘ಆ ಊರಿನ ಪಂಚಾಯಿತಿ ಸದಸ್ಯರ ಸೊಸೆ’ ಎಂದರಂತೂ ಹೆಸರಿಗಿಂತ ಹೆಚ್ಚು ಹೇಳಿದಂತಾಗುತ್ತದೆ, ಏಕೆಂದರೆ ಮೂರು ಸಾವಿರ ಜನರ ಹಳ್ಳಿಯಲ್ಲಿ ಅಂಥವರು ಒಬ್ಬರೋ ಇಬ್ಬರೋ ಇರುತ್ತಾರೆ.

ಪ್ರಶ್ನೆ: ಹಾಗಾದರೆ ಕೇಳಿದವರಿಗೆ ಏನೆಂದು ಉತ್ತರಿಸಬೇಕು?

ಸುಳ್ಳು ಹೇಳಬಾರದು, ಗದರಿಸಲೂ ಬಾರದು. ‘ಏನೂ ಇಲ್ಲ, ಬರೀ ಜ್ವರ’ ಎಂಬ ಸುಳ್ಳು ಎರಡು ದಿನಗಳಲ್ಲಿ ಬಯಲಾಗುತ್ತದೆ, ಆಮೇಲೆ ಆ ಸಿಬ್ಬಂದಿಯ ಯಾವ ಮಾತನ್ನೂ ಯಾರೂ ನಂಬುವುದಿಲ್ಲ. ‘ನಿಮಗ್ಯಾಕ್ರೀ ಅದು?’ ಎಂಬ ಉತ್ತರವೋ ದೊಡ್ಡದೇನನ್ನೋ ಮುಚ್ಚಿಡಲಾಗುತ್ತಿದೆ ಎಂಬ ಗುಮಾನಿಯನ್ನು ಹುಟ್ಟಿಸುತ್ತದೆ.

ವಾರ್ಡಿನಲ್ಲಿ ಕೆಲಸಕ್ಕೆ ಬರುವ ಮಾತು ಸರಳವಾದದ್ದು: ‘ಕಾಕಾ, ನೀವು ಇಷ್ಟು ದೂರದಿಂದ ಬಂದೀರಿ, ಅವರಿಗೂ ಖುಷಿ ಆಗ್ತದ. ಬ್ಯಾನಿ ವಿಷಯ ನಾನು ಹೇಳಂಗಿಲ್ರಿ, ಅವರನ್ನೇ ಕೇಳ್ರಿ.’ ಇದರಲ್ಲಿ ಮೂರು ಕೆಲಸ ಒಟ್ಟಿಗೆ ನಡೆಯುತ್ತವೆ. ಬಂದವರ ಗೌರವ ಉಳಿಯುತ್ತದೆ, ನಿರಾಕರಣೆ ಸ್ಪಷ್ಟವಾಗುತ್ತದೆ, ಹೇಳುವ ಬಿಡುವ ಹಕ್ಕು ರೋಗಿಯ ಕೈಗೆ ಹಿಂತಿರುಗುತ್ತದೆ. ಈ ಮಾತನ್ನು ಸಣ್ಣ ಕಾಯಿಲೆಗೂ ದೊಡ್ಡ ಕಾಯಿಲೆಗೂ ಒಂದೇ ರೀತಿಯಲ್ಲಿ ಹೇಳಬೇಕೆಂಬುದನ್ನು ಮಾತ್ರ ಮರೆಯಬಾರದು. ಮುರಿದ ಕಾಲಿನ ವಿಷಯವನ್ನು ಉತ್ಸಾಹದಿಂದ ವಿವರಿಸಿ, ಪಕ್ಕದ ಹಾಸಿಗೆಯವರ ವಿಷಯಕ್ಕೆ ಬಂದಾಗ ಬಾಯಿ ಬಿಗಿದರೆ, ಆ ಮೌನವೇ ಒಂದು ಉತ್ತರವಾಗಿಬಿಡುತ್ತದೆ.

ಫೋನಿನಲ್ಲಿ ಕೇಳುವವರಿಗೆ ಇನ್ನೂ ಕಡಿಮೆ ಹೇಳಬೇಕು. ‘ನಾನು ಅವರ ಅಣ್ಣ’ ಎನ್ನುವ ದನಿ ಅಣ್ಣನದೇ ಎಂದು ತಿಳಿಯುವ ದಾರಿ ಇಲ್ಲ. ಅವರ ನಂಬರನ್ನು ಬರೆದುಕೊಂಡು ರೋಗಿಯ ಕೈಗೆ ಕೊಡುವುದು ಸುಲಭದ ಉಪಾಯ.

ಪ್ರಶ್ನೆ: ಗಂಡ, ಹೆಂಡತಿ, ಹಿರಿಯ ಮಗ, ಅತ್ತೆ ಇವರಿಗೂ ಹೇಳಬಾರದೇ?

ಇದಕ್ಕೆ ಹೌದು ಅಥವಾ ಇಲ್ಲ ಎಂಬ ಒಂದೇ ಪದದ ಉತ್ತರ ಕೊಡುವುದು ಪ್ರಾಮಾಣಿಕವಾಗುವುದಿಲ್ಲ. ನಮ್ಮಲ್ಲಿ ಚಿಕಿತ್ಸೆಗೆ ಹಣ ಹೊಂದಿಸುವವರು, ರಾತ್ರಿ ಹಾಸಿಗೆಯ ಪಕ್ಕದಲ್ಲಿ ಚಾಪೆ ಹಾಸಿಕೊಂಡು ಮಲಗುವವರು, ಮಾತ್ರೆ ತರುವವರು ಎಲ್ಲರೂ ಮನೆಯವರೇ ಆಗಿರುವುದರಿಂದ ಅವರನ್ನು ಹೊರಗಿಟ್ಟು ಚಿಕಿತ್ಸೆ ಮಾಡಲಾಗದು. ಮೇಲೆ ಹೇಳಿದ 2002ರ ನಿಯಮಗಳು ಸಹ, ರೋಗಿಯ ಮತ್ತು ಕುಟುಂಬದ ಹಿತಕ್ಕೆ ಬೇಕಾದಷ್ಟು ತಿಳಿವಳಿಕೆ ರೋಗಿಗೆ, ಸಂಬಂಧಿಕರಿಗೆ ಅಥವಾ ಜವಾಬ್ದಾರಿಯುತ ಸ್ನೇಹಿತರಿಗೆ ಇರುವಂತೆ ವೈದ್ಯರು ನೋಡಿಕೊಳ್ಳಬೇಕೆನ್ನುತ್ತವೆ.

ಆದರೆ ‘ಮನೆಯವರು’ ಎಂದರೆ ಯಾರು ಎಂಬುದನ್ನು ತೀರ್ಮಾನಿಸಬೇಕಾದವರು ರೋಗಿ. ದಾಖಲಾಗುವಾಗಲೇ, ಜೊತೆಯಲ್ಲಿರುವವರನ್ನು ಹೊರಗೆ ಕೂರಿಸಿ, ‘ನಿಮ್ಮ ಬಗ್ಗೆ ಯಾರಿಗೆ ಹೇಳಬಹುದು?’ ಎಂದು ಕೇಳಿ ಒಂದೆರಡು ಹೆಸರುಗಳನ್ನು ಕೇಸ್ ಶೀಟಿನಲ್ಲಿ ಬರೆದುಕೊಂಡರೆ ಮುಂದಿನ ಅರ್ಧ ತೊಂದರೆ ತಪ್ಪುತ್ತದೆ. ಹೊರಗೆ ಕೂರಿಸುವುದೇ ಇಲ್ಲಿ ಮುಖ್ಯ ಸಂಗತಿ. ಅತ್ತೆಯ ಎದುರಿನಲ್ಲಿ ‘ಅತ್ತೆಗೆ ಹೇಳಬಹುದೇ?’ ಎಂದು ಸೊಸೆಯನ್ನು ಕೇಳಿದರೆ ಬರುವ ‘ಹೂಂ’ ಒಪ್ಪಿಗೆ ಅಲ್ಲ. ಅಂತಹ ಸಂದರ್ಭದಲ್ಲಿ ‘ತೂಕ ನೋಡಬೇಕು, ಒಳಗೆ ಬಾರವ್ವ’ ಎಂದು ಕರೆದುಕೊಂಡು ಹೋಗುವ ಅನುಭವಿ ಸಿಸ್ಟರುಗಳನ್ನು ನಾನು ನೋಡಿದ್ದೇನೆ, ಅವರ ಜಾಣತನವನ್ನು ಯಾವ ಪಠ್ಯಪುಸ್ತಕದಲ್ಲೂ ಕಂಡಿಲ್ಲ.

ಪ್ರಶ್ನೆ: ‘ಅಪ್ಪಗ ಕ್ಯಾನ್ಸರ್ ಅಂತ ಹೇಳಬ್ಯಾಡ್ರಿ, ಎದಿ ಒಡಕೋತಾನ’ ಎಂದು ಮಕ್ಕಳೇ ಕೇಳಿಕೊಂಡರೆ?

ಇದು ಗೌಪ್ಯತೆಯ ಪ್ರಶ್ನೆ ತಲೆಕೆಳಗಾಗಿ ಬಂದಂತೆ. ಎಲ್ಲರಿಗೂ ಗೊತ್ತು, ಯಾರ ಮೈಯಲ್ಲಿ ಕಾಯಿಲೆ ಇದೆಯೋ ಅವರಿಗೆ ಮಾತ್ರ ಗೊತ್ತಿಲ್ಲ. ಕ್ಯಾನ್ಸರ್ ಚಿಕಿತ್ಸೆಗೆಂದು ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋಗಿ ಬಂದ ಎಷ್ಟೋ ಹಿರಿಯರಿಗೆ, ತಮ್ಮನ್ನು ಅಷ್ಟು ದೂರ ಏಕೆ ಕರೆದೊಯ್ಯಲಾಯಿತು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಿರುವುದಿಲ್ಲ, ಆದರೂ ಅವರು ಊಹಿಸಿರುತ್ತಾರೆ ಮತ್ತು ಮಕ್ಕಳಿಗೆ ನೋವಾಗಬಾರದೆಂದು ತಾವೂ ಗೊತ್ತಿಲ್ಲದವರಂತೆ ನಟಿಸುತ್ತಾರೆ.

ರೋಗಿಗೆ ಆಘಾತವಾಗುವಂತಿದ್ದರೆ ಸಾವಿನ ಸೂಚನೆಯನ್ನು ಹೇಳಬಾರದೆಂದು ಚರಕ ಸಂಹಿತೆಯ ಅದೇ ಭಾಗ ಹೇಳುವುದರಿಂದ ಮಕ್ಕಳ ಈ ಭಯ ಹಳೆಯದೇ. ಆದರೆ ಇಂದು ಶಸ್ತ್ರಚಿಕಿತ್ಸೆಗೂ ಕೀಮೋಗೂ ರೋಗಿ ತಿಳಿದು ಸಹಿ ಹಾಕಬೇಕಾಗುತ್ತದೆ. ಆದ್ದರಿಂದ ಮಕ್ಕಳ ಕೋರಿಕೆಗೆ ‘ಆಯ್ತು’ ಎಂದು ಮಾತು ಕೊಡುವುದಕ್ಕಿಂತ, ‘ನಾವಾಗಿ ಮೊದಲು ಹೇಳುವುದಿಲ್ಲ, ಆದರೆ ಅವರೇ ನೇರವಾಗಿ ಕೇಳಿದರೆ ಸುಳ್ಳು ಹೇಳುವುದಿಲ್ಲ, ವೈದ್ಯರನ್ನೇ ಕರೆಯುತ್ತೇವೆ’ ಎಂದು ಸಿಬ್ಬಂದಿ ಹೇಳುವುದು ಸರಿ. ಎಷ್ಟು ತಿಳಿಯಬೇಕೆಂದು ರೋಗಿಯನ್ನೇ ಕೇಳಿದಾಗ, ಕೆಲವರು ‘ಮಗನಿಗೆ ಹೇಳ್ರಿ, ನನಗ ಬ್ಯಾಡ’ ಎನ್ನುತ್ತಾರೆ. ಅದು ಅವರ ಆಯ್ಕೆ, ಅದನ್ನೂ ಗೌರವಿಸಬೇಕು.

ಪ್ರಶ್ನೆ: ರೋಗಿಯ ಭಾಷೆ ನಮಗೆ ಬಾರದಿದ್ದರೆ ಪಕ್ಕದವರ ಸಹಾಯ ಪಡೆಯಬಹುದೇ?

ನಮ್ಮ ಮೂರು ಜಿಲ್ಲೆಗಳಲ್ಲಿ ಕನ್ನಡದ ಜೊತೆಗೆ ದಖನಿ ಉರ್ದು, ಮರಾಠಿ, ತೆಲುಗು ಮತ್ತು ಲಂಬಾಣಿ ಭಾಷೆಗಳು ವಾರ್ಡಿನಲ್ಲಿ ದಿನವೂ ಕೇಳಿಬರುತ್ತವೆ. ತಾಂಡಾದಿಂದ ಬಂದ ಹೆಣ್ಣುಮಗಳ ಮಾತನ್ನು ಅದೇ ತಾಂಡಾದ ಇನ್ನೊಬ್ಬರು ಕನ್ನಡಕ್ಕೆ ತಿರುಗಿಸಿ ಹೇಳುವಾಗ, ಆಕೆಯ ಮುಟ್ಟಿನ ತೊಂದರೆಯೋ ಗರ್ಭಪಾತವೋ ಸಂಜೆಯ ಹೊತ್ತಿಗೆ ತಾಂಡಾ ತಲುಪಿರುತ್ತದೆ, ಅಥವಾ ಆಕೆ ಅದನ್ನು ಹೇಳದೆಯೇ ನುಂಗಿಕೊಂಡಿರುತ್ತಾಳೆ. ಎರಡನೆಯದೇ ಹೆಚ್ಚು ಅಪಾಯಕಾರಿ, ಏಕೆಂದರೆ ವೈದ್ಯರು ತಪ್ಪು ಮಾಹಿತಿಯ ಮೇಲೆ ಔಷಧ ಬರೆಯುತ್ತಾರೆ. ಸಾಧ್ಯವಾದಷ್ಟೂ ಆ ಭಾಷೆ ಬಲ್ಲ ಸಿಬ್ಬಂದಿಯನ್ನೇ ಕರೆಯಬೇಕು. ಮಕ್ಕಳ ಬಾಯಿಂದ ತಾಯಿಯ ಹೆರಿಗೆಯ ವಿಷಯವನ್ನು ಕೇಳಿಸುವುದಂತೂ ಕೂಡದು.

ಪ್ರಶ್ನೆ: ನಲವತ್ತು ಹಾಸಿಗೆಗಳ ಸಾಮಾನ್ಯ ವಾರ್ಡಿನಲ್ಲಿ ಗುಟ್ಟು ಎಲ್ಲಿಂದ ಉಳಿಯಬೇಕು?

ಪೂರ್ತಿ ಉಳಿಯುವುದಿಲ್ಲ ಎಂಬುದು ನಿಜ. ಆದರೂ ದನಿ ತಗ್ಗಿಸುವುದಕ್ಕೆ, ಪರದೆ ಎಳೆಯುವುದಕ್ಕೆ, ಕೇಸ್ ಶೀಟನ್ನು ಹಾಸಿಗೆಯ ಮೇಲೆ ಬಿಡಿಸಿಡದಿರುವುದಕ್ಕೆ ಖರ್ಚಿಲ್ಲ. ಸೂಕ್ಷ್ಮ ಪ್ರಶ್ನೆಗಳಿಗೆ ಡ್ರೆಸ್ಸಿಂಗ್ ಕೋಣೆ ಸಾಕು. ಹಾಸಿಗೆಯ ತಲೆದೆಸೆಗೆ ಕಾಯಿಲೆ ಸೂಚಿಸುವ ಕೆಂಪು ಚೀಟಿ ಅಂಟಿಸುವ ಅಭ್ಯಾಸ ಎಲ್ಲಾದರೂ ಉಳಿದಿದ್ದರೆ ಅದನ್ನು ಇಂದೇ ಕಿತ್ತುಹಾಕಬೇಕು, ಸೋಂಕಿನ ಮುನ್ನೆಚ್ಚರಿಕೆಯನ್ನು ಎಲ್ಲ ರೋಗಿಗಳಿಗೂ ಒಂದೇ ರೀತಿಯಲ್ಲಿ ಪಾಲಿಸಬೇಕಾದ್ದರಿಂದ ಆ ಚೀಟಿಯಿಂದ ಯಾವ ಪ್ರಯೋಜನವೂ ಇಲ್ಲ.

ಪ್ರಶ್ನೆ: ವಾಟ್ಸಾಪ್ ಗುಂಪಿನಲ್ಲಿ ಫೋಟೊ ಹಾಕುವುದು?

ಹಾಕಬಾರದು. 2002ರ ನಿಯಮಗಳ ಪ್ರಕಾರ ರೋಗಿಯ ಗುರುತು ಸಿಗುವಂತಹ ಫೋಟೊ ಅಥವಾ ವರದಿಯನ್ನು ಅವರ ಅನುಮತಿಯಿಲ್ಲದೆ ವೈದ್ಯರು ಪ್ರಕಟಿಸುವಂತಿಲ್ಲ. ಎಕ್ಸ್‌ರೇಯ ಮೂಲೆಯಲ್ಲಿ ಹೆಸರು ಇರುತ್ತದೆ, ಫೋಟೊದ ಹಿನ್ನೆಲೆಯಲ್ಲಿ ಪಕ್ಕದ ರೋಗಿ ಇರುತ್ತಾರೆ. ಹಣ್ಣು ಹಂಚಲು ಬಂದವರೊಡನೆ ರೋಗಿಯನ್ನು ನಿಲ್ಲಿಸಿ ಕ್ಲಿಕ್ಕಿಸುವ ಪದ್ಧತಿಯ ಬಗ್ಗೆಯೂ ಇದೇ ಮಾತು: ಒಂದು ಸೇಬಿಗೆ ರೋಗಿ ತನ್ನ ಮುಖವನ್ನು ಬೆಲೆಯಾಗಿ ಕೊಡಬೇಕಾಗಿಲ್ಲ.

ಪ್ರಶ್ನೆ: ಎಚ್‌ಐವಿ ಇರುವ ವಿಷಯವನ್ನು ಪತ್ನಿಗೆ ಅಥವಾ ಪತಿಗೆ ಹೇಳಬಹುದೇ?

ಎಚ್‌ಐವಿ ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಕಾಯ್ದೆ 2017ರಲ್ಲಿ ರೂಪುಗೊಂಡು 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಸೋಂಕಿತರ ತಿಳಿದ ಒಪ್ಪಿಗೆಯಿಲ್ಲದೆ ಅವರ ಸ್ಥಿತಿಯನ್ನು ಬಹಿರಂಗಪಡಿಸಬಾರದೆಂಬುದು ಅದರ ಮೂಲ ನಿಯಮ. ಸಂಗಾತಿಗೆ ತಿಳಿಸಲು 9ನೆಯ ಕಲಂ ಒಂದು ಇಕ್ಕಟ್ಟಾದ ದಾರಿಯನ್ನು ತೆರೆದಿದೆ: ಸಂಗಾತಿಗೆ ಸೋಂಕು ತಗುಲುವ ಗಣನೀಯ ಅಪಾಯವಿದೆ ಎಂದು ನಂಬಲು ಕಾರಣವಿರಬೇಕು, ತಾನೇ ತಿಳಿಸುವಂತೆ ಸೋಂಕಿತರಿಗೆ ಆಪ್ತ ಸಮಾಲೋಚನೆ ನೀಡಿರಬೇಕು, ಅವರು ತಿಳಿಸುವುದಿಲ್ಲವೆಂದು ಮನವರಿಕೆಯಾಗಿರಬೇಕು, ತಾವು ತಿಳಿಸಲಿದ್ದೇವೆ ಎಂಬುದನ್ನು ಅವರಿಗೆ ಮುಂಚಿತವಾಗಿ ಹೇಳಿರಬೇಕು. ಆಮೇಲೆ ವೈದ್ಯರು ಅಥವಾ ಆಪ್ತ ಸಮಾಲೋಚಕರು ಸಂಗಾತಿಗೆ ಮುಖತಃ, ಸಮಾಲೋಚನೆಯೊಡನೆ ತಿಳಿಸಬಹುದು. ಇದರಿಂದ ತನಗೆ ಹಲ್ಲೆ ಅಥವಾ ಹಿಂಸೆಯಾಗಬಹುದೆಂದು ಮಹಿಳೆಗೆ ಭಯವಿದ್ದಲ್ಲಿ ಸಂಗಾತಿಗೆ ತಿಳಿಸುವ ಹೊಣೆ ಇಲ್ಲವೆಂದೂ ಕಾನೂನು ಹೇಳುತ್ತದೆ. ಗಮನಿಸಿ: ಈ ದಾರಿ ವೈದ್ಯರಿಗೆ ಮತ್ತು ಸಮಾಲೋಚಕರಿಗೆ ಮಾತ್ರ ತೆರೆದಿದೆ. ಲ್ಯಾಬಿನವರಿಗೆ, ವಾರ್ಡ್ ಬಾಯ್‌ಗೆ, ಮನೆಯ ಹಿರಿಯರ ಪರಿಚಯವಿರುವ ಆಶಾ ಕಾರ್ಯಕರ್ತೆಗೆ ಅಲ್ಲ.

ಪ್ರಶ್ನೆ: ಗರ್ಭಪಾತ ಮಾಡಿಸಿಕೊಂಡವರ ವಿವರ ಕೇಳಿ ಮನೆಯವರು ಬಂದರೆ?

ವೈದ್ಯಕೀಯ ಗರ್ಭಪಾತ ಕಾಯ್ದೆ 1971ರದು. 2021ರ ತಿದ್ದುಪಡಿಯಿಂದ ಸೇರಿದ 5ಎ ಕಲಂ ಪ್ರಕಾರ, ಗರ್ಭಪಾತ ಮಾಡಿಸಿಕೊಂಡ ಮಹಿಳೆಯ ಹೆಸರು ಮತ್ತು ವಿವರಗಳನ್ನು ಕಾನೂನಿನ ಅಧಿಕಾರ ಇರುವವರಿಗಲ್ಲದೆ ಬೇರೆ ಯಾರಿಗೂ ವೈದ್ಯರು ತಿಳಿಸುವಂತಿಲ್ಲ, ತಿಳಿಸಿದರೆ ಒಂದು ವರ್ಷದವರೆಗೆ ಸೆರೆವಾಸ, ದಂಡ ಅಥವಾ ಎರಡನ್ನೂ ವಿಧಿಸಬಹುದು. ಹದಿನೆಂಟು ತುಂಬಿದ, ಮಾನಸಿಕ ಅಸ್ವಸ್ಥತೆ ಇಲ್ಲದ ಮಹಿಳೆಗೆ ಇದರಲ್ಲಿ ಗಂಡನ ಒಪ್ಪಿಗೆಯೂ ಬೇಕಿಲ್ಲ, ತಂದೆಯ ಒಪ್ಪಿಗೆಯೂ ಬೇಕಿಲ್ಲ. ಅಪ್ರಾಪ್ತ ವಯಸ್ಸಿನವರಿದ್ದಲ್ಲಿ ಪೋಷಕರ ಲಿಖಿತ ಒಪ್ಪಿಗೆ ಬೇಕು, ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳನ್ನು ತಡೆಯುವ ಪೋಕ್ಸೊ ಕಾಯ್ದೆಯಂತೆ ವರದಿಯನ್ನೂ ಮಾಡಬೇಕು. ಆದರೆ ಬಾಲಕಿ ಮತ್ತು ಪೋಷಕರು ಕೋರಿದರೆ ಆ ವರದಿಯಲ್ಲಿ ವೈದ್ಯರು ಆಕೆಯ ಹೆಸರು ಬರೆಯಬೇಕಾಗಿಲ್ಲವೆಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರ ತೀರ್ಪಿನಲ್ಲಿ ಸ್ಪಷ್ಟಪಡಿಸಿದೆ.

(ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂಬ ಕುತೂಹಲ ಬೇರೆಯೇ ಸಂಗತಿ. ಅದನ್ನು ಬೇರೆಯವರಿಗಿರಲಿ, ಗರ್ಭಿಣಿಗೇ ಹೇಳುವುದು ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಕಾಯ್ದೆಯ ಪ್ರಕಾರ ಅಪರಾಧ.)

ಪ್ರಶ್ನೆ: ಕ್ಷಯ ಬಂದರೆ ಸರ್ಕಾರಕ್ಕೆ ತಿಳಿಸಲೇಬೇಕಲ್ಲವೇ, ಅಲ್ಲಿ ಗುಟ್ಟು ಎಲ್ಲಿ ಉಳಿಯಿತು?

2012ರಿಂದ ಕ್ಷಯ ರೋಗಿಗಳ ವಿವರವನ್ನು ಖಾಸಗಿ ವೈದ್ಯರೂ ಸರ್ಕಾರಕ್ಕೆ ಕಡ್ಡಾಯವಾಗಿ ತಿಳಿಸಬೇಕು. ಅದು ಕ್ಷಯ ರೋಗಿಗಳಿಗೆಂದೇ ಇರುವ ಸರ್ಕಾರದ ನಿಕ್ಷಯ್ ಪೋರ್ಟಲಿನಲ್ಲಿ ದಾಖಲಾಗುತ್ತದೆ, ಪೌಷ್ಟಿಕ ಆಹಾರದ ನೆರವಿನ ಹಣವೂ ಅದರ ಆಧಾರದಲ್ಲೇ ಬ್ಯಾಂಕ್ ಖಾತೆಗೆ ಬರುತ್ತದೆ. ಇಲಾಖೆಗೆ ತಿಳಿಸುವುದು ಬೇರೆ, ಓಣಿಗೆ ತಿಳಿಸುವುದು ಬೇರೆ. ಆಶಾ ಕಾರ್ಯಕರ್ತೆ ಕಟ್ಟೆಯ ಮೇಲೆ ಕುಳಿತವರ ಮುಂದೆ ‘ಟಿಬಿ ಗುಳಗಿ ತಗೊಂಡ್ರೇನ್ರಿ?’ ಎಂದು ಕೂಗಿ ಕೇಳಿದಾಗ ಮೊದಲನೆಯದು ಎರಡನೆಯದಾಗಿ ಬದಲಾಗುತ್ತದೆ. ಬಾಣಂತಿಯರನ್ನು, ಬಿಪಿ-ಶುಗರ್ ಇರುವವರನ್ನು ನೋಡಲು ಹೋದ ದಿನವೇ ಈ ಮನೆಗೂ ಹೋಗಿಬಂದರೆ ಭೇಟಿಯ ಕಾರಣವನ್ನು ಯಾರೂ ಊಹಿಸಲಾರರು.

ಪ್ರಶ್ನೆ: ಪೊಲೀಸರು, ಪತ್ರಕರ್ತರು, ಊರಿನ ಮುಖಂಡರು, ಕೆಲಸ ಕೊಟ್ಟವರು ಕೇಳಿದರೆ?

ಇವರನ್ನು ಒಂದೇ ಸಾಲಿನಲ್ಲಿ ನಿಲ್ಲಿಸಲಾಗದು. ನ್ಯಾಯಾಧೀಶರ ಆದೇಶವಿದ್ದಾಗ, ನಿರ್ದಿಷ್ಟ ವ್ಯಕ್ತಿಗೆ ಅಥವಾ ಸಮುದಾಯಕ್ಕೆ ಗಂಭೀರ ಅಪಾಯ ಕಂಡುಬಂದಾಗ ಮತ್ತು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳಿದ್ದಾಗ ವೈದ್ಯರು ಮಾಹಿತಿ ಕೊಡಬಹುದೆಂದು 2002ರ ನಿಯಮಗಳು ಹೇಳುತ್ತವೆ. ವಿಷ ಸೇವನೆ, ಸುಟ್ಟ ಗಾಯ, ಹೊಡೆದಾಟದಂತಹ ಪ್ರಕರಣಗಳಲ್ಲಿ ಪೊಲೀಸರಿಗೆ ತಿಳಿಸುವ ಕ್ರಮವಿದೆ. ಅದನ್ನು ಕರ್ತವ್ಯದಲ್ಲಿರುವ ವೈದ್ಯಾಧಿಕಾರಿ ಬರವಣಿಗೆಯಲ್ಲಿ ಮಾಡುತ್ತಾರೆ, ಗೇಟಿನಲ್ಲಿ ನಿಂತ ಪರಿಚಯದ ಪೇದೆಗೆ ಬಾಯಿಮಾತಿನಲ್ಲಿ ಹೇಳುವುದು ಆ ಕ್ರಮವಲ್ಲ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 24ನೆಯ ಕಲಂ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿರುವ ರೋಗಿಯ ಫೋಟೊ ಅಥವಾ ಮಾಹಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡುವುದನ್ನು ತಡೆಯುತ್ತದೆ. ಅತ್ಯಾಚಾರಕ್ಕೆ ಒಳಗಾದವರ ಗುರುತನ್ನು ಪ್ರಕಟಿಸುವುದು ಭಾರತೀಯ ನ್ಯಾಯ ಸಂಹಿತೆಯ 72ನೆಯ ಕಲಂ ಪ್ರಕಾರ ಅಪರಾಧ. ಊರಿನ ಮುಖಂಡರಿಗೆ ಅವರ ಸ್ಥಾನದ ಕಾರಣಕ್ಕೆ ಹೆಚ್ಚಿನ ಹಕ್ಕೇನೂ ಇಲ್ಲ. ಕೆಲಸ ಕೊಟ್ಟವರಿಗೆ ಬೇಕಾದ ಪ್ರಮಾಣಪತ್ರವನ್ನು ರೋಗಿಯ ಕೈಗೆ ಕೊಟ್ಟರೆ ಸಾಕು, ಅದನ್ನು ತಲುಪಿಸುವುದು ರೋಗಿಗೆ ಬಿಟ್ಟದ್ದು.

ಪ್ರಶ್ನೆ: ದಾಖಲಾದವರು ನಮ್ಮದೇ ಸಂಬಂಧಿ ಅಥವಾ ಸಹೋದ್ಯೋಗಿ. ಅವರ ಫೈಲ್ ನೋಡಬಹುದೇ?

ಅವರ ಆರೈಕೆಯ ಹೊಣೆ ನಿಮ್ಮ ಮೇಲಿದ್ದರೆ ಮಾತ್ರ. ಇಲ್ಲದಿದ್ದರೆ ನೀವೂ ಬಾಗಿಲಲ್ಲಿ ಬುತ್ತಿ ಹಿಡಿದು ನಿಂತವರಲ್ಲಿ ಒಬ್ಬರು.

ಪ್ರಶ್ನೆ: ಬಾಯಿತಪ್ಪಿ ಹೇಳಿಬಿಟ್ಟಿದ್ದೇನೆ. ಈಗೇನು ಮಾಡಲಿ?

ಮೊದಲು ವಾರ್ಡಿನ ಮುಖ್ಯಸ್ಥರಿಗೆ ತಿಳಿಸಿ, ಆಮೇಲೆ ಅವರೊಡನೆ ಹೋಗಿ ರೋಗಿಗೆ ತಿಳಿಸಿ. ವಿಷಯ ಊರಿನ ಬಾಯಿಂದ ತಿರುಗಿ ಬಂದು ತನಗೆ ತಿಳಿಯುವುದಕ್ಕಿಂತ ನಿಮ್ಮಿಂದಲೇ ತಿಳಿಯುವುದು ರೋಗಿಗೆ ಕಡಿಮೆ ನೋವಿನದು, ಏಕೆಂದರೆ ಕೇಳುವವರಿಗೆ ಏನು ಹೇಳಬೇಕೆಂದು ಯೋಚಿಸಲು ಅವರಿಗೆ ಸಮಯ ಸಿಗುತ್ತದೆ. ಯಾರಿಗೆ ಹೇಳಿದ್ದೀರೋ ಅವರ ಬಳಿ ಹೋಗಿ ‘ಯಾರಿಗೂ ಹೇಳಬೇಡಿ’ ಎಂದು ಬೇಡಿಕೊಳ್ಳುವುದರಿಂದ ಸಾಮಾನ್ಯವಾಗಿ ಆ ಸುದ್ದಿಯ ತೂಕ ಹೆಚ್ಚುತ್ತದೆಯೇ ಹೊರತು ಅದು ನಿಲ್ಲುವುದಿಲ್ಲ.

ಪ್ರಶ್ನೆ: ನನ್ನ ವಿಷಯ ಹೊರಗೆ ಹೋಗಿದೆ. ದೂರು ಎಲ್ಲಿ ಕೊಡಬೇಕು?

ಮೊದಲು ಆ ಆಸ್ಪತ್ರೆಯ ವೈದ್ಯಕೀಯ ಅಧೀಕ್ಷಕರಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ವೈದ್ಯರ ವಿರುದ್ಧ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಸಲ್ಲಿಸಬಹುದು. ಖಾಸಗಿ ಆಸ್ಪತ್ರೆಗಳ ವಿಷಯದಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರವಿದೆ. ಎಚ್‌ಐವಿ ಕಾಯ್ದೆಯಂತೆ ಇಪ್ಪತ್ತು ಅಥವಾ ಹೆಚ್ಚು ಜನರಿರುವ ಆರೋಗ್ಯ ಸಂಸ್ಥೆಗಳು ದೂರು ಅಧಿಕಾರಿಯನ್ನು ನೇಮಿಸಿರಬೇಕು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ನೀಡಿದ್ದು, ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು.

ಪ್ರಶ್ನೆ: ರೋಗಿ ತೀರಿಕೊಂಡ ಮೇಲೂ ಮುಚ್ಚಿಡಬೇಕೇ?

ಮಣ್ಣಿಗೆ ಬಂದವರು ‘ಏನಾಗಿತ್ತು?’ ಎಂದು ಕೇಳುವುದು ಸಹಜ, ಅದಕ್ಕೆ ಉತ್ತರಿಸುವವರು ಮನೆಯವರು, ಆಸ್ಪತ್ರೆಯಲ್ಲ. 2023ರ ಅಕ್ಟೋಬರ್‌ನಿಂದ ಜಾರಿಗೆ ಬಂದ, ಜನನ ಮರಣ ನೋಂದಣಿ ಕಾಯ್ದೆಯ ತಿದ್ದುಪಡಿಯಂತೆ ಸಾವಿನ ಕಾರಣದ ವೈದ್ಯಕೀಯ ಪ್ರಮಾಣಪತ್ರದ ಒಂದು ಪ್ರತಿ ಹತ್ತಿರದ ಸಂಬಂಧಿಗೆ ಸಿಗುತ್ತದೆ. ಆದರೆ ಹೊಲದ ಪಹಣಿ ಬದಲಾವಣೆಗೆ, ಬ್ಯಾಂಕಿಗೆ, ವಿಮೆಗೆ ಹತ್ತು ಕೈ ಬದಲಾಗುವ ಮರಣ ಪ್ರಮಾಣಪತ್ರದಲ್ಲಿ ಕಾರಣವನ್ನು ನಮೂದಿಸಬಾರದೆಂದು 1969ರ ಜನನ ಮರಣ ನೋಂದಣಿ ಕಾಯ್ದೆಯ 17ನೆಯ ಕಲಂನಲ್ಲೇ ಇದೆ. ಆದ್ದರಿಂದ ತಲಾಠಿಯೋ ಬ್ಯಾಂಕಿನವರೋ ‘ಯಾವ ರೋಗದಿಂದ ಅಂತ ಇದರಲ್ಲಿ ಬರೆದಿಲ್ಲವಲ್ಲ’ ಎಂದು ಆ ಕಾಗದವನ್ನು ಹಿಂತಿರುಗಿಸಿದರೆ, ಕಾಗದದಲ್ಲಿ ಏನೂ ಬಿಟ್ಟುಹೋಗಿಲ್ಲ, ಅದು ಇರಬೇಕಾದುದೇ ಹಾಗೆ ಎಂದು ಧೈರ್ಯವಾಗಿ ಹೇಳಬಹುದು.